ಸಕ್ಕರೆಯ ಕೆಳಗೆ

ನಮ್ಮ ಮನೆತನದಲ್ಲಿ ಪಾತ್ರೆಯನ್ನು ಖಾಲಿ ಹಿಂದಿರುಗಿಸುವ ಪದ್ಧತಿ ಇಲ್ಲ. ನಮ್ಮ ಅಡ್ಡಹೆಸರು ಕಲಾಯಿಗಾರ. ನಮ್ಮ ದಾದಾ, ಎಂದರೆ ಅಪ್ಪನ ಅಪ್ಪ, ಹುಬ್ಬಳ್ಳಿಯ ಓಣಿ ಓಣಿ ತಿರುಗಿ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ತಿದಿ ಒತ್ತಿ, ಇದ್ದಿಲು ಕೆಂಪಗೆ ಮಾಡಿ, ನವಸಾಗರ ಉದುರಿಸಿ, ತವರ ಸವರಿ, ಅರಳೆಯಿಂದ ಒಮ್ಮೆ ಒರೆಸಿದರೆ ಪಾತ್ರೆಯೊಳಗೆ ಮುಖ ಕಾಣಬೇಕು. ಆಮೇಲೆ ಸೊಂಟದ ಚೀಲದಿಂದ ಒಂದು ಚಿಟಿಕೆ ಸಕ್ಕರೆ ತೆಗೆದು ತಳಕ್ಕೆ ಹಾಕಿಯೇ ಮನೆಯವರ ಕೈಗೆ ಕೊಡುತ್ತಿದ್ದರು. ಸಕ್ಕರೆ ತೀರಿದ ದಿನ ಪಕ್ಕದ ಮನೆಯಲ್ಲಿ ಕೇಳಿ ತಂದು ಹಾಕಿದ್ದನ್ನು ನಾನೇ ನೋಡಿದ್ದೇನೆ.

ನಾನು ಮೌಲಾಸಾಬ್. ನಾನು ತೊಳೆಯುತ್ತಿದ್ದದ್ದು ಹಾರ್ಡ್ ಡಿಸ್ಕು. ಹಳೇ ಕಂಪ್ಯೂಟರ್ ಮಾರಬೇಕಾದರೆ ಮೊದಲು ಡಿಸ್ಕ್ ತೊಳೆಸಿ ಪ್ರಮಾಣಪತ್ರ ಪಡೆಯಬೇಕು ಎಂಬ ಕಾಯ್ದೆ ಬಂದ ವರ್ಷವೇ, ಆ ಕೆಲಸ ಮಾಡಿಕೊಡುವ ನಿರ್ಮಲ ಕೇಂದ್ರಕ್ಕೆ ಸೇರಿದೆ. ಜನ ತಿಳಿದುಕೊಂಡಿದ್ದು ಡಿಲೀಟ್ ಒತ್ತಿದರೆ ಎಲ್ಲ ಹೋಯಿತು ಎಂದು. ಪುಸ್ತಕದ ಪರಿವಿಡಿ ಹರಿದರೆ ಒಳಗಿನ ಪುಟಗಳು ಹೋಗುತ್ತವೆಯೇ? ಪುಟಗಳ ಮೇಲೆಯೇ ಮಸಿ ಬಳಿಯಬೇಕು. ನಾವು ಮಾಡುತ್ತಿದ್ದದ್ದು ಅದನ್ನೇ. ತಲೆಬುಡವಿಲ್ಲದ ಅಂಕಿಗಳನ್ನು ಡಿಸ್ಕಿನ ಮೂಲೆಮೂಲೆಗೂ ಮೂರು ಸಲ ಬರೆಯುವುದು. ಕೆಟ್ಟು ನಿಂತ ಡಿಸ್ಕುಗಳಿಗೆ ಅಯಸ್ಕಾಂತದ ಪೆಟ್ಟಿಗೆ ಬೇರೆ ಇತ್ತು. ಅದರಲ್ಲಿಟ್ಟರೆ ಎರಡೇ ಸೆಕೆಂಡಿನಲ್ಲಿ ಒಳಗಿನದೆಲ್ಲ ಸಾಯುತ್ತದೆ, ಆದರೆ ಡಿಸ್ಕೂ ಸಾಯುತ್ತದೆ. ಮಾರುವ ಡಿಸ್ಕಿಗೆ ತೊಳೆಯುವುದೊಂದೇ ದಾರಿ.

ತೊಳೆದ ಡಿಸ್ಕನ್ನು ಬರಿದಾಗಿ ಕೊಡಲು ನನ್ನ ಕೈ ಬರಲಿಲ್ಲ. ಹಾಗಾಗಿ ಒಂದು ಫೋಟೋ ಹಾಕತೊಡಗಿದೆ: ಅಂಗೈ, ಅಂಗೈಯಲ್ಲಿ ಒಂದು ಚಿಟಿಕೆ ಸಕ್ಕರೆ. ಕೈ ನನ್ನ ಹೆಂಡತಿ ಹಸೀನಾಳದು. ಒಂದು ತೊಡಕಿತ್ತು. ತೊಳೆಯುವ ಪ್ರೋಗ್ರಾಂ ಕೊನೆಯಲ್ಲಿ ಪ್ರಮಾಣಪತ್ರ ಮುದ್ರಿಸಿ ಡಿಸ್ಕಿಗೆ ಬೀಗ ಹಾಕಿಬಿಡುತ್ತದೆ, ಆಮೇಲೆ ಕೊಂಡವರು ಬೀಗ ತೆಗೆಯುವ ತನಕ ಏನೂ ಬರೆಯಲು ಬಿಡುವುದಿಲ್ಲ. ನಾನೇನು ಕಡಿಮೆಯವನೇ? ಸಕ್ಕರೆಯನ್ನು ಮೊದಲೇ ಹಾಕಿ, ಆ ಜಾಗ ಬಿಟ್ಟು ಉಳಿದದ್ದನ್ನೆಲ್ಲ ತೊಳೆ ಎಂದು ಪ್ರೋಗ್ರಾಮಿಗೆ ಹೇಳಿಕೊಟ್ಟೆ. ಇಡೀ ಡಿಸ್ಕಿನ ಲೆಕ್ಕದಲ್ಲಿ ಆ ಜಾಗ ಹಂಡೆಯ ತಳದಲ್ಲಿ ಕಾಸಿನಗಲ. ಅಲ್ಲಿದ್ದ ಹಳೆಯದರ ಮೇಲೆ ಸಕ್ಕರೆಯ ಫೋಟೋ ಕೂತಿತಲ್ಲ, ಮುಚ್ಚಿಹೋಯಿತು ಎಂದುಕೊಂಡೆ. ಹನ್ನೊಂದು ಸಾವಿರ ಡಿಸ್ಕಿಗೆ ಹಾಗೆ ಮಾಡಿದೆ.

ಆ ಹನ್ನೊಂದು ಸಾವಿರದಲ್ಲಿ ಒಂದನ್ನು ತಂದವಳು ಸುಮಂಗಲಾ. ಇದು ನಾಲ್ಕು ವರ್ಷದ ಹಿಂದಿನ ಮಾತು. ಡಿಸ್ಕನ್ನು ಬುತ್ತಿಯ ಡಬ್ಬಿಯಲ್ಲಿಟ್ಟು ಮೇಲೆ ಬಟ್ಟೆ ಕಟ್ಟಿಕೊಂಡು ತಂದಿದ್ದಳು. ಜೊತೆಗೆ ಹತ್ತು ವರ್ಷದ ಮಗಳು. ತಾಯಿಯ ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ, ರಿಜಿಸ್ಟರಿನಲ್ಲಿ ಸಹಿ ಮಾಡುವಾಗ ಹುಡುಗಿಯೇ ಹಾಳೆ ಹಿಡಿದುಕೊಂಡಳು.

"ಪೂರಾ ಹೋಗ್ತೈತಲ್ರಿ, ಕಾಕಾರ? ನಾವು ಎಲ್ಲಿಗಿ ಹೊಂಟೀವಿ ಅನ್ನೂದು ಎಲ್ಲಾ ಇದರಾಗ ಐತಿ. ನಮ್ಮ ಮನಿಯವರಿಗಿ ಗೊತ್ತಾದ್ರ ಈ ಸಲ ನನ್ನ ಜೀವಂತ ಬಿಡೂದಿಲ್ಲ."

"ಹಂಗಿದ್ರ ಒಡದು ಹಾಕಬಾರದೇನ ತಂಗಿ, ಯಾಕ ಮಾರ್ತಿ?"

"ಬಸ್ಸಿಗಿ ರೊಕ್ಕ ಬೇಕಲ್ರಿ," ಎಂದಳು.

ನಾನು ದೊಡ್ಡಸ್ತಿಕೆಯಿಂದ ಎದೆ ಮುಟ್ಟಿಕೊಂಡು ಹೇಳಿದೆ: "ಮೌಲಾಸಾಬ್ ತೊಳದ ಮ್ಯಾಲ ಯಾರಿಗೂ ಸಿಗೂದಿಲ್ಲ. ಆರಾಮ ಹೋಗಿ ಬಾ." ಹುಡುಗಿ ಬಾಗಿಲ ತನಕ ಹೋದವಳು ತಿರುಗಿ ನನಗೆ ಕೈ ಬೀಸಿದಳು. ಆ ಮಾತು ಕೊಟ್ಟವನು ನಾನು, ಇದನ್ನು ಓದುವವರು ನೆನಪಿಡಬೇಕು.

ಪದರದರ್ಶಕ ಎಂಬ ಯಂತ್ರ ಬಂದದ್ದು ಈ ವರ್ಷ. ಮಾಲೀಕರು ಪುಣೆಯಲ್ಲಿರುವವರು; ತೊಳೆದು ಗಳಿಸಿದ್ದು ಸಾಲದೆ, ಹಾಳಾದ ಡಿಸ್ಕುಗಳಿಂದ ಹಳೇ ಮಾಹಿತಿ ತೆಗೆದುಕೊಡುವ ವ್ಯಾಪಾರವನ್ನೂ ಶುರುಮಾಡಿದರು. ಡಿಸ್ಕಿನ ತಟ್ಟೆಯನ್ನು ಹೊರತೆಗೆದು ಯಂತ್ರದಲ್ಲಿಟ್ಟರೆ ಅದು ಕಾಂತದ ಅತಿಸಣ್ಣ ಏರಿಳಿತಗಳನ್ನೂ ಓದುತ್ತದೆ. ಮೇಲೆ ಏನು ಬರೆದಿದೆ ಎಂಬುದು ಎಲ್ಲರಿಗೂ ಕಾಣುತ್ತದೆ. ಈ ಯಂತ್ರ ಅದರ ಕೆಳಗೆ ಮೊದಲು ಏನಿತ್ತು ಎಂದು ಹುಡುಕುತ್ತದೆ.

ಮೊದಲ ವಾರ ಪರೀಕ್ಷೆಗೆಂದು ನಮ್ಮದೇ ಗೋದಾಮಿನಲ್ಲಿ ತೊಳೆದಿಟ್ಟ ಇನ್ನೂರು ಡಿಸ್ಕುಗಳನ್ನು ಓದಿಸಿದರು. ಅನ್ನಪೂರ್ಣಾ ಮೇಡಂ ನನ್ನನ್ನು ಕರೆದರು. ಅವರು ಕೇಂದ್ರದ ಇಂಜಿನಿಯರು, ನಿಯಮ ಎಂದರೆ ನಿಯಮ ಎನ್ನುವ ಹೆಂಗಸು, ಐದು ನಿಮಿಷ ತಡವಾಗಿ ಬಂದರೆ ಐದೇ ನಿಮಿಷ ಎಂದು ಬರೆದುಕೊಳ್ಳುವವರು.

"ಮೌಲಾಸಾಬರ, ತೊಳದ ಜಾಗದಾಗ ಏನೂ ಸಿಗವಲ್ದು. ಅಲ್ಲಿ ಒಂದೊಂದು ಡಿಸ್ಕಿನಾಗ ಒಂದೊಂದು ಥರದ ಗೊಂದಲ. ಆದ್ರ ನಿಮ್ಮ ಸಕ್ಕರಿ ಐತಲ್ಲ, ಅದು ಎಲ್ಲಾ ಡಿಸ್ಕಿನಾಗೂ ಒಂದೇ. ಒಂದೇ ಫೋಟೋ, ಒಂದೇ ಯಂತ್ರ ಬರದಿದ್ದು."

"ಹೌದ್ರಿ. ಅದಕ್ಕ?"

"ಮೇಲಿಂದು ಇನ್ನೂರು ಕಡೆ ಒಂದೇ ಇದ್ದಮ್ಯಾಲ ಡಿಸ್ಕಿಂದ ಡಿಸ್ಕಿಗಿ ಫರಕು ಯಾಕ ಬರಬೇಕು? ಕೆಳಗಿಂದು ಬ್ಯಾರೆ ಇರೂದಕ್ಕ. ಯಂತ್ರ ಹೋಲಿಸಿ ನೋಡಿ ಸಕ್ಕರಿ ಕಳದು ಕೆಳಗಿಂದು ತೋರಸಾಕತ್ತೈತಿ. ಆ ಜಾಗ ನೀವು ತೊಳದೇ ಇಲ್ಲ, ಮುಚ್ಚೀರಿ ಅಷ್ಟ."

ತೆರೆಯ ಮೇಲೆ ಯಾರದೋ ಮದುವೆಯ ಕರೆಯೋಲೆಯ ಅರ್ಧ ಪುಟ ತೇಲುತ್ತಿತ್ತು.

ಮಧ್ಯಾಹ್ನದ ಊಟಕ್ಕೆ ಮನೆಗೆ ಹೋದೆ. ಮನೆಯಲ್ಲಿ ನಾವಾಡುವುದು ನಮ್ಮ ಉರ್ದು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ರೊಟ್ಟಿ ಮುಟ್ಟದೆ ಕೂತಿದ್ದನ್ನು ನೋಡಿ ಹಸೀನಾ ಕೇಳಿದಳು, ನಾನು ಹೇಳಿದೆ. ಅವಳು ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು. ಹನ್ನೊಂದು ಸಾವಿರ ಮನೆಯಲ್ಲಿ ನಿನ್ನ ಕೈ ಇದೆ ಎಂದು ನಾನು ಹೇಳಿದಾಗಲೆಲ್ಲ ಹಿಗ್ಗುತ್ತಿದ್ದ ಹೆಂಗಸು.

"ಆ ಬುತ್ತಿ ಡಬ್ಬಿ ತಂದಿದ್ದ ಹೆಣ್ಣುಮಗಳದು?" ಎಂದಳು. ಅವತ್ತೇ ಅವಳಿಗೆ ಹೇಳಿದ್ದೆ, ಅವಳು ಮರೆತಿರಲಿಲ್ಲ.

"ಅದೂ ಅದರಾಗ ಒಂದು."

"ಸಕ್ಕರಿ ಕೆಳಗ ಏನೈತೋ ಏನೋ. ಅಡಗಿ ಮಾಡೂ ವಿಡಿಯೋ ಇರಬಹುದು."

"ಇರಬಹುದು," ಎಂದೆ. ಇಬ್ಬರಿಗೂ ಸಮಾಧಾನ ಆಗಲಿಲ್ಲ. ಅವಳು ರೊಟ್ಟಿಯನ್ನು ಎತ್ತಿಟ್ಟಳು.

ನಾನು ಮಾಲೀಕರಿಗೆ ಪತ್ರ ಬರೆದೆ. ತಪ್ಪು ನನ್ನದು, ನಮ್ಮಲ್ಲಿ ತೊಳೆಸಿದ ಡಿಸ್ಕುಗಳನ್ನೆಲ್ಲ ಹಿಂದೆ ಕರೆಸಿ ಮತ್ತೆ ತೊಳೆಯೋಣ ಎಂದು. ಅವರು ಮಾಡಿದ್ದೇನು? ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು: ನಿರ್ಮಲದಲ್ಲಿ ತೊಳೆದ ಡಿಸ್ಕುಗಳಿಂದ ಹಳೆಯ ಮಾಹಿತಿ ತೆಗೆದುಕೊಡಲಾಗುವುದು. ಕಾಯ್ದೆಯೂ ಅವರ ಕಡೆಗೇ ಇತ್ತು. ಡಿಸ್ಕ್ ಯಾರ ಕೈಯಲ್ಲಿದೆಯೋ ಅದರ ಎಲ್ಲ ಪದರಗಳೂ ಅವರವೇ ಎಂದು ತೀರ್ಪಾಗಿತ್ತು. ಊರಿನಲ್ಲಿ ಹಳೇ ಸಾಮಾನಿನ ಅಂಗಡಿಗಳ ಮುಂದೆ ಪಾಳಿ ಹಚ್ಚಿದರು ಜನ. ಮಾಸ್ತರರೊಬ್ಬರು ತಮ್ಮ ಹಳೇ ಡಿಸ್ಕಿಗಾಗಿ ಮೂರು ದಿನ ಗುಜರಿ ರಾಶಿ ಕೆದರಿ, ಸಿಕ್ಕಿದ ಕೂಡಲೇ ಅಲ್ಲೇ ರಸ್ತೆಯ ಮೇಲೆ ಕಲ್ಲಿನಿಂದ ಜಜ್ಜಿದರು. ಮದುವೆ ಗೊತ್ತಾದ ಹುಡುಗಿಯ ಹಳೇ ಡಿಸ್ಕನ್ನು ಗಂಡಿನ ಕಡೆಯವರು ಹುಡುಕಿ ಓದಿಸುವುದೂ ಶುರುವಾಯಿತು.

ಕೆಲಸ ಬಿಡಬೇಕೆಂದಿದ್ದೆ. ಹಸೀನಾ ಬೇಡ ಎಂದಳು. "ನೀವು ಯಂತ್ರದ ಮುಂದ ಕುಂತ್ರ ಯಾವ ಡಿಸ್ಕ್ ಬರ್ತಾವ ಅಂತ ಗೊತ್ತಾಕ್ಕೈತಿ. ಬಿಟ್ರ ಅದೂ ಗೊತ್ತಾಗೂದಿಲ್ಲ." ಸುಮಂಗಲಾಳ ಡಿಸ್ಕಿನ ನಂಬರನ್ನು ಹಳೇ ರಿಜಿಸ್ಟರಿನಿಂದ ಬರೆದು ಜೇಬಿನಲ್ಲಿಟ್ಟುಕೊಂಡೆ. ರಿಜಿಸ್ಟರಿನಲ್ಲಿ ವಿಳಾಸದ ಜಾಗ ಖಾಲಿ ಇತ್ತು, ಅವಳನ್ನು ಎಚ್ಚರಿಸಲು ನನಗೆ ದಾರಿ ಇರಲಿಲ್ಲ. ಗುಜರಿ ಅಂಗಡಿಗಳಲ್ಲಿ ಹುಡುಕಿದೆ, ಸಿಗಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಆ ನಂಬರು ತಾನಾಗಿಯೇ ಬಂತು.

ತಂದವನು ನಲವತ್ತರ ಗಂಡಸು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆಲುಮಾತು. ಕಾವಲಿನವನನ್ನೂ ಬಹುವಚನದಲ್ಲಿ ಮಾತಾಡಿಸಿ ಒಳಗೆ ಬಂದ. ಹೆಸರು ವೀರಭದ್ರ ಎಂದ. ಕಾಗದಗಳು ಒಂದಕ್ಕೊಂದು ಪಿನ್ನು ಹಾಕಿದಂತೆ ಸರಿಯಾಗಿದ್ದವು. ಕಂಪ್ಯೂಟರು ಅವನ ಹೆಸರಲ್ಲೇ ಇತ್ತಂತೆ. ಕೊಂಡವರಿಂದ ಕೊಂಡವರಿಗೆ ಬೆನ್ನುಹತ್ತಿ ನಾಲ್ಕು ವರ್ಷಕ್ಕೆ ಡಿಸ್ಕ್ ಹಿಡಿದಿದ್ದ.

"ನನ್ನ ಹೆಂಡತಿಗೆ ತಲಿ ಸರಿ ಇಲ್ರಿ. ಮಗಳ್ನ ಕರಕೊಂಡು ಹೋಗ್ಯಾಳ. ಹೋಗೂ ಮುಂದ ಇದರಾಗ ಏನೇನೋ ಬರೀತಿದ್ಲು," ಎಂದವನು ನನ್ನ ಕಡೆ ನೋಡಿ ನಕ್ಕ. "ನಿಮ್ಮ ಸಕ್ಕರಿ ಐತ್ರಿ ಇದರಾಗ, ನೋಡೀನಿ. ಚಲೋ ಪದ್ಧತಿ. ಅದಕ್ಕ ಸೀದಾ ನಿಮ್ಮ ಹತ್ರಾನ ಬಂದೆ."

ನಾನು ಮೇಡಂ ಹತ್ತಿರ ಹೋಗಿ ದನಿ ತಗ್ಗಿಸಿ ಎಲ್ಲ ಹೇಳಿದೆ: ಮಡಚದ ಬೆರಳು, ಬುತ್ತಿಯ ಡಬ್ಬಿ, ಕೊಟ್ಟ ಮಾತು. ಅವರು ಕಾಗದಗಳನ್ನು ಎರಡು ಸಲ ನೋಡಿದರು.

"ಡಿಸ್ಕ್ ಅವರದು. ಬ್ಯಾಡ ಅನ್ನಾಕ ನಂಗ ಕಾರಣ ಇಲ್ಲ, ಮೌಲಾಸಾಬರ. ನೀವು ಮಾಡೂದಿಲ್ಲ ಅಂದ್ರ ನಾ ಮಾಡಬೇಕಾಗತೈತಿ."

ಹಾಗಾದರೆ ನಾನೇ ಮಾಡುತ್ತೇನೆ ಎಂದೆ.

ಓದುವ ಕೋಣೆಗೂ ಗಿರಾಕಿ ಕೂರುವ ಜಾಗಕ್ಕೂ ನಡುವೆ ಗಾಜಿನ ಗೋಡೆ. ಓದಿದ್ದು ಮೊದಲು ನನ್ನ ತೆರೆಗೆ ಬರುತ್ತದೆ. ಓದು ಮುಗಿದ ಮೇಲೆ ಒಪ್ಪಿಗೆಯ ಗುಂಡಿ ಒತ್ತಿದರೆ ಆಚೆಗಿನ ಪ್ರಿಂಟರಿನಿಂದ ಹಾಳೆ ಹೊರಬರುತ್ತದೆ. ಗುಂಡಿ ಒತ್ತದೆ ಯಂತ್ರ ಆರಿಸಿದರೆ ಅದರಲ್ಲಿ ಏನೂ ಉಳಿಯುವುದಿಲ್ಲ. ಖಾಸಗಿ ವಿಷಯ ಯಂತ್ರದಲ್ಲಿ ನಿಲ್ಲಬಾರದು ಎಂದು ಮಾಡಿದ ನಿಯಮ. ತಟ್ಟೆಯನ್ನು ಯಂತ್ರಕ್ಕೆ ಕೂರಿಸಿದೆ. ವೀರಭದ್ರ ಗಾಜಿನಾಚೆ ಕುರ್ಚಿ ಎಳೆದುಕೊಂಡು, ತೊಡೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತ. ಮೂರು ಗಂಟೆ ಬೇಕು ಎಂದಿದ್ದೆ. ಅವನು ನೀರನ್ನೂ ಕೇಳಲಿಲ್ಲ.

ಮೊದಲ ಅರ್ಧ ಗಂಟೆ ಬರೀ ಗೀಚು. ಆಮೇಲೆ ಅಕ್ಷರಗಳು ಬಂದವು. ಕರೆಂಟ್ ಬಿಲ್ಲಿನ ತುಂಡು. ಶೇಂಗಾ ಹಿಂಡಿಗೆ, ಎಂದರೆ ಚಟ್ನಿಪುಡಿಗೆ, ಎಷ್ಟು ಖಾರ ಎಂಬ ಚೀಟಿ. ನನಗೆ ಉಸಿರು ಬಂತು. ಹಸೀನಾ ಹೇಳಿದಂತೆ ಅಡುಗೆಯೇ ಇರಲಿ ದೇವರೇ ಎಂದು ಮನಸ್ಸಿನಲ್ಲೇ ಬೇಡಿದೆ. ಹನ್ನೊಂದೂವರೆಗೆ ಮಗುವಿನ ಚಿತ್ರವೊಂದು ಬಂತು, ಬಣ್ಣ ಹೋಗಿ ಗೆರೆ ಮಾತ್ರ ಉಳಿದಿತ್ತು: ಒಂದು ಮನೆ, ಮನೆಗೆ ಬಾಗಿಲೇ ಬರೆದಿರಲಿಲ್ಲ. ವೀರಭದ್ರ ನನ್ನ ಮುಖವನ್ನೇ ನೋಡುತ್ತಿದ್ದ. ಅವನಿಗೆ ನನ್ನ ತೆರೆ ಕಾಣುತ್ತಿರಲಿಲ್ಲ, ಮುಖ ಕಾಣುತ್ತಿತ್ತು. ನಾನು ಆಕಳಿಸಿದಂತೆ ಮಾಡಿದೆ.

ಹನ್ನೆರಡು ದಾಟಿತು. ಸಾಲುಗಳು ನಿಧಾನವಾಗಿ ಕೂಡಿಕೊಂಡವು. "ಮುಖ್ಯೋಪಾಧ್ಯಾಯರಿಗೆ. ಮಾನ್ಯರೇ, ನನ್ನ ಮಗಳನ್ನು ತಮ್ಮ ಶಾಲೆಯ ಐದನೇ ತರಗತಿಗೆ ಸೇರಿಸಿಕೊಳ್ಳಬೇಕೆಂದು..." ಅದರ ಕೆಳಗೆ ಶಾಲೆಯ ಹೆಸರು. ಅದರ ಕೆಳಗೆ ಊರಿನ ಹೆಸರು. ಆ ಊರಿನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ.

ಕಣ್ಣು ಮುಚ್ಚಬೇಕಿತ್ತು. ಮುಚ್ಚುವಷ್ಟರಲ್ಲಿ ಓದಿ ಆಗಿತ್ತು.

ಇನ್ನು ನಲವತ್ತು ನಿಮಿಷಕ್ಕೆ ಓದು ಮುಗಿಯುತ್ತದೆ, ಗುಂಡಿ ಹಸಿರಾಗುತ್ತದೆ. ನಾನು ಒತ್ತದಿದ್ದರೆ ಮೇಡಂ ಒತ್ತುತ್ತಾರೆ. ನಾಳೆ ಬೆಳಿಗ್ಗೆ ಬಿಳಿ ಅಂಗಿ ಹಾಕಿಕೊಂಡು ಇವನು ಆ ಶಾಲೆಯ ಗೇಟಿನ ಮುಂದೆ ನಿಂತಿರುತ್ತಾನೆ. ಹುಡುಗಿಗೆ ಈಗ ಹದಿನಾಲ್ಕು, ಪ್ರೌಢಶಾಲೆಗೆ ಹೋಗುತ್ತಿರಬೇಕು, ಸಣ್ಣ ಊರಿನಲ್ಲಿ ವಿಚಾರಿಸುವುದು ಎಷ್ಟು ಹೊತ್ತಿನ ಕೆಲಸ? ನನ್ನ ಮೇಲೆ ನನಗೇ ಎಂಥ ಸಿಟ್ಟು ಬಂತೆಂದರೆ ದಾದಾನ ಮೇಲೂ ಬಂತು, ಆ ಚೀಲದ ಸಕ್ಕರೆಯ ಮೇಲೂ ಬಂತು.

ಎದ್ದು ತಟ್ಟೆಯನ್ನು ಯಂತ್ರದಿಂದ ತೆಗೆದೆ.

ಮೇಡಂ ಓಡಿ ಬಂದರು. "ಏನ್ ಮಾಡಾಕತ್ತೀರಿ?"

"ನಾಕು ವರ್ಷದ ಹಿಂದ ಒಂದು ಕೆಲಸ ಅರ್ಧಾ ಬಿಟ್ಟಿದ್ದೆರಿ. ಪೂರಾ ತೊಳದೀವಿ ಅಂತ ಕಾಗದಾ ಕೊಟ್ಟೀವಿ, ಅದರ ಮ್ಯಾಲ ನಿಮ್ಮ ಸಹಿ ಐತಿ, ನನ್ನ ಸಹಿ ಐತಿ. ಅದು ಸುಳ್ಳು ಕಾಗದ, ಮೇಡಂ. ಖರೇ ಮಾಡಿ ಬರ್ತೀನಿ."

ಅಯಸ್ಕಾಂತದ ಪೆಟ್ಟಿಗೆ ಅದೇ ಕೋಣೆಯ ಮೂಲೆಯಲ್ಲಿತ್ತು. ಐದು ಹೆಜ್ಜೆ. ಗಾಜಿನಾಚೆ ಕುರ್ಚಿ ಬಿದ್ದ ಸದ್ದು ಕೇಳಿತು. ತಟ್ಟೆ ಒಳಗಿಟ್ಟು ಮುಚ್ಚಳ ಹಾಕಿ ಹಿಡಿಕೆ ಒತ್ತಿದೆ. ಧಡ್ ಎಂದಿತು. ಎರಡೇ ಸೆಕೆಂಡು. ಹಸೀನಾಳ ಕೈ, ಸಕ್ಕರೆ, ಶೇಂಗಾ ಹಿಂಡಿ, ಬಾಗಿಲಿಲ್ಲದ ಮನೆ, ಊರು, ಎಲ್ಲ ಹೋಯಿತು.

"ಮೇಡಂ!" ವೀರಭದ್ರ ಗಾಜಿಗೆ ಎರಡೂ ಅಂಗೈ ಬಡಿದ. ಮೆಲುಮಾತು ಎಲ್ಲಿ ಹೋಯಿತೋ. "ಓದಿದ್ದು ಯಂತ್ರದಾಗ ಇನ್ನೂ ಐತಿ! ಗುಂಡಿ ಒತ್ರಿ! ಕಾಯ್ದೆ ಪ್ರಕಾರ ಅದು ನಂದು!"

ಅದು ನಿಜವೇ ಆಗಿತ್ತು. ತೆರೆಯ ಮೇಲೆ ಪತ್ರ ಹಾಗೇ ಇತ್ತು. ಓದು ನಡುವೆ ನಿಂತರೂ ಆದಷ್ಟಕ್ಕೆ ಗುಂಡಿ ಹಸಿರಾಗುತ್ತದೆ ಎಂಬುದನ್ನು ಗಾಬರಿಯಲ್ಲಿ ನಾನು ಮರೆತಿದ್ದೆ. ಈಗ ಹಸಿರಾಗಿತ್ತು. ಅದರ ಹತ್ತಿರ ಇದ್ದವರು ಮೇಡಂ, ನಾನು ಐದು ಹೆಜ್ಜೆ ದೂರದಲ್ಲಿ.

ಅನ್ನಪೂರ್ಣಾ ಮೇಡಂ ತೆರೆ ನೋಡಲಿಲ್ಲ. ಗಾಜಿನ ಮೇಲೆ ಅಂಟಿಕೊಂಡಿದ್ದ ಆ ಎರಡು ಅಂಗೈಗಳನ್ನು ನೋಡಿದರು. ನೋಡುತ್ತಲೇ ಗೋಡೆಯ ಕಡೆ ಕೈ ಚಾಚಿ ಮೇನ್ ಸ್ವಿಚ್ ಆರಿಸಿದರು. ಕೋಣೆಯ ಫ್ಯಾನು ಕೂಡ ನಿಂತಿತು.

"ಕರೆಂಟ್ ಹೋತು," ಎಂದರು. ಸುಳ್ಳು ಹೇಳಿ ರೂಢಿ ಇಲ್ಲದ ಹೆಂಗಸು.

ನಾನು ತಟ್ಟೆಯನ್ನು ಅದರ ಡಬ್ಬಿಯಲ್ಲಿಟ್ಟು ಹೊರಗೆ ಹೋಗಿ ವೀರಭದ್ರನ ಕೈಗೆ ಕೊಟ್ಟೆ. "ತಗೋರಿ. ಖಾಲಿ ಐತಿ." ನಮ್ಮ ಮನೆತನದಲ್ಲಿ ಯಾರೂ ಹಾಗೆ ಕೊಟ್ಟಿರಲಿಲ್ಲ.

ಅವನು ಡಬ್ಬಿಯನ್ನು ನೋಡಲೇ ಇಲ್ಲ. ನನ್ನನ್ನೇ ನೋಡಿದ. ಹೊಡೆಯುತ್ತಾನೆ ಎಂದು ಕಾದೆ. ಅವನ ಮುಖ ನಿಧಾನವಾಗಿ ಮೊದಲಿನಂತಾಯಿತು, ಮೆಲುಮಾತೂ ವಾಪಸು ಬಂತು.

"ಖಾಲಿ ಎಲ್ಲೈತ್ರಿ, ಸಾಬರ? ನೀವು ಓದೀರಿ," ಎಂದ. "ಈಗ ಅದು ನಿಮ್ಮ ತಲಿಯಾಗ ಐತಿ."

ಇದಾಗಿ ಐದು ತಿಂಗಳು. ಮಾಲೀಕರು ನನ್ನನ್ನು ತೆಗೆದುಹಾಕಿದರು, ಅದು ಸರಿಯೇ. ಮೇಡಂ ತಾವೇ ಬಿಟ್ಟರು. ಗಿರಾಕಿಯ ಡಿಸ್ಕ್ ಹಾಳುಮಾಡಿದ ಕೇಸು ನಡೆದಿದೆ. ನ್ಯಾಯಾಧೀಶರು ಏನು ಓದಿದೆ ಎಂದು ಕೇಳಿದಾಗ ಶೇಂಗಾ ಹಿಂಡಿಯ ವಿಷಯ ಹೇಳಿದೆ. ಮನೆಯ ಕಟ್ಟೆಯ ಮೇಲೆ ಬೋರ್ಡು ಹಾಕಿದ್ದೇನೆ: ನಿರ್ಮಲದಲ್ಲಿ ಮೌಲಾಸಾಬ್ ತೊಳೆದ ಡಿಸ್ಕ್ ಪೂರ್ತಿ ತೊಳೆದಿಲ್ಲ, ತಂದರೆ ಪುಕ್ಕಟೆ ತೊಳೆದುಕೊಡುತ್ತೇನೆ, ತಪ್ಪು ನನ್ನದು. ಜನ ಬೈಯುತ್ತ ತರುತ್ತಾರೆ. ಈವರೆಗೆ ಸಾವಿರದ ಮೇಲಾಗಿವೆ. ಯಾವುದಕ್ಕೂ ಸಕ್ಕರೆ ಹಾಕಿಲ್ಲ. ಬೇಕೆಂದವರಿಗೆ ಹಸೀನಾ ಅಡುಗೆಮನೆಯಿಂದ ನಿಜವಾದ ಸಕ್ಕರೆಯನ್ನೇ ತಂದು ಕೈಗೆ ಹಾಕುತ್ತಾಳೆ.

ಅವಳಿಗೂ ಊರಿನ ಹೆಸರು ಹೇಳಿಲ್ಲ. ಒಮ್ಮೆ ಹೇಳಲು ಬಾಯಿ ತೆರೆದೆ, ಭಾರ ಇಳಿಸಿಕೊಳ್ಳಬೇಕೆನ್ನಿಸಿತ್ತು. ಅವಳು ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. "ಬ್ಯಾಡ. ಒಂದು ಕಡೆ ಇದ್ರ ಸಾಕು," ಎಂದಳು.

ಸುಮಂಗಲಾಳಿಗೆ ಕಾಗದ ಬರೆಯಬಹುದಿತ್ತು. ಬರೆದರೆ ವಿಳಾಸ ಬರೆಯಬೇಕು, ಅಂಚೆಪೆಟ್ಟಿಗೆಯ ಹತ್ತಿರ ಯಾರು ನಿಂತಿರುತ್ತಾರೋ. ಆ ಊರಿನ ಕಡೆಯ ಬಸ್ಸು ನಾನು ಹತ್ತುವುದಿಲ್ಲ. ನಕ್ಷೆಯಲ್ಲಿ ಆ ಮೂಲೆ ನೋಡುವುದಿಲ್ಲ. ತಲೆಯೊಳಗಿನದನ್ನು ತೊಳೆಯುವ ಯಂತ್ರ ಯಾರಾದರೂ ಮಾಡಿದರೆ ಮೊದಲು ಹೋಗಿ ಕೂರುವವನು ನಾನೇ. ತಲೆಯೊಳಗಿನದನ್ನು ಓದುವ ಯಂತ್ರ ಮೊದಲು ಬಂದುಬಿಟ್ಟರೆ ಎಂಬ ಹೆದರಿಕೆಯೂ ಇದೆ.

ಸದ್ಯಕ್ಕೆ ಆ ಯಂತ್ರದ ಕೆಲಸವನ್ನು ವೀರಭದ್ರನೇ ಮಾಡುತ್ತಿದ್ದಾನೆ. ಬಸ್ ನಿಲ್ದಾಣದ ಎದುರಿನ ಚಹಾದಂಗಡಿಗೆ ನಾನು ಸಂಜೆ ಐದಕ್ಕೆ ಹೋಗುವುದು ಇಪ್ಪತ್ತು ವರ್ಷದ ರೂಢಿ. ಅವನು ಅಲ್ಲಿಗೆ ಬಂದು ಪಕ್ಕದ ಬೆಂಚಿನಲ್ಲಿ ಕೂರುತ್ತಾನೆ. ಮಾತಾಡುವುದಿಲ್ಲ, ಜಗಳ ತೆಗೆಯುವುದಿಲ್ಲ. ಕಂಡಕ್ಟರುಗಳು ಒಂದೊಂದೇ ಊರಿನ ಹೆಸರು ಕೂಗುತ್ತಾರೆ, ಅವನು ನನ್ನ ಮುಖ ನೋಡುತ್ತಾನೆ. ಹೋಗುವುದನ್ನು ಬಿಟ್ಟರೆ ಹೆದರಿದೆ ಎಂದು ಅವನಿಗೆ ಗೊತ್ತಾಗುತ್ತದೆ. ಹಾಗಾಗಿ ದಿನವೂ ಹೋಗುತ್ತೇನೆ.

ನಿನ್ನೆ ಹೊಸದೊಂದು ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು ಊರುಗಳ ಹೆಸರು ಸಾಲಾಗಿ ಕೂಗಿದ. ಎರಡು ದೊಡ್ಡ ಊರು, ಮತ್ತೆ ನಾಲ್ಕಾರು ಸಣ್ಣ ಊರುಗಳನ್ನು ಹೇಳಿದ. ಅವುಗಳ ನಡುವೆ ಅದೂ ಇತ್ತು. ಪಕ್ಕದ ಬೆಂಚಿನಲ್ಲಿ ಬಿಳಿ ಅಂಗಿ ಸ್ವಲ್ಪ ಮುಂದಕ್ಕೆ ಬಾಗಿದ್ದು ಕಣ್ಣಂಚಿಗೆ ಕಂಡಿತು. ನಾನು ಎಂದಿನಂತೆ ಅಂಗಡಿಯ ಡಬ್ಬಿಯಿಂದ ಒಂದು ಚಮಚ ಸಕ್ಕರೆ ತೆಗೆದು ಚಹಾಕ್ಕೆ ಹಾಕಿ, ಬಸ್ಸು ತಿರುವು ದಾಟಿ ಹೋಗುವ ತನಕ ಕಲಕುತ್ತಾ ಕೂತೆ.